ಜಾಗರಿ ಹೂವಿನ ಬಣ್ಣ

“ಗುರುಗಳೇ, ಹನ್ನೊಂದು ವರ್ಷವಾಯಿತು. ಶಾಸ್ತ್ರದಲ್ಲಿ ಹೇಳಿದ ಗುರುತುಗಳನ್ನೆಲ್ಲ ಕಲಿತೆ, ನೀವು ತೋರಿಸಿದ ದಾರಿಯಲ್ಲೇ ನಡೆದೆ. ಆದರೂ ಕಾಣಬೇಕಾದದ್ದು ಕಾಣುವುದಿಲ್ಲ. ಅದು ಇನ್ನೂ ದೂರದಲ್ಲಿದೆಯೋ, ನನಗೇ ಕಣ್ಣಿಲ್ಲವೋ?”

ಕೇಳಿದವನು ವೆಂಕೋಬ. ಹೊಳೆದಂಡೆಯ ಆ ಸಣ್ಣ ಮಠದಲ್ಲಿ ಗುರುಗಳ ಬಳಿ ಉಳಿದಿದ್ದ ಒಬ್ಬನೇ ಶಿಷ್ಯ. ಗುರುಗಳು ಜಗಲಿಯ ಮೇಲೆ ಕುಳಿತು ಮುತ್ತುಗದ ಎಲೆಯ ಪತ್ರಾವಳಿ ಹಚ್ಚುತ್ತಿದ್ದರು. ಒಂದೊಂದು ಎಲೆಯನ್ನೂ ಎತ್ತಿ ಬೆಳಕಿಗೆ ಹಿಡಿದು, ಹುಳು ತಿಂದ ತೂತು ಇದೆಯೇ ಎಂದು ನೋಡಿ, ಆಮೇಲೆ ಕಡ್ಡಿ ಚುಚ್ಚುತ್ತಿದ್ದರು.

ಮೂರು ದಿನದ ಹಿಂದೆ ವೆಂಕೋಬನಿಗೆ ಊರಿನಿಂದ ಒಂದು ಕಾಗದ ಬಂದಿತ್ತು. ಅವನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದ ಅಕ್ಕ ಪ್ರತಿ ತಿಂಗಳೂ ತನ್ನ ಕೈಯಾರೆ ಬರೆಯುತ್ತಿದ್ದಳು. ಈ ಸಲ ಲಕೋಟೆಯ ಮೇಲಿದ್ದದ್ದು ಅಕ್ಕನ ಅಕ್ಷರವಲ್ಲ, ಭಾವನದು. ಭಾವ ಹನ್ನೊಂದು ವರ್ಷದಲ್ಲಿ ಒಂದು ಸಾಲೂ ಬರೆದವರಲ್ಲ. ವೆಂಕೋಬ ಅದನ್ನು ಒಡೆಯದೆ ಜೋಳಿಗೆಗೆ ಹಾಕಿದ. ಅಂದಿನಿಂದ ಜೋಳಿಗೆಯನ್ನು ಹೆಗಲಿನಿಂದ ಇಳಿಸಿರಲಿಲ್ಲ, ಅದರೊಳಗೆ ಕೈಯನ್ನೂ ಹಾಕಿರಲಿಲ್ಲ. ಜಪ ಮಾತ್ರ ಎರಡರಷ್ಟಾಗಿತ್ತು.

ಗುರುಗಳು ಕೈಯಲ್ಲಿದ್ದ ಎಲೆಯನ್ನು ಪಕ್ಕಕ್ಕಿಟ್ಟರು.

“ಕೂತುಕೋ” ಎಂದರು. “ನಿನ್ನ ಪ್ರಶ್ನೆ ದೊಡ್ಡದು. ದೊಡ್ಡ ಪ್ರಶ್ನೆಗೆಲ್ಲ ಉತ್ತರ ಹೇಳುವಷ್ಟು ಓದಿದವನು ನಾನಲ್ಲ. ಒಂದು ಕತೆ ಗೊತ್ತಿದೆ, ಅದನ್ನು ಹೇಳುತ್ತೇನೆ.”

ಅವರು ಹೇಳಿದ ಕತೆ ಇದು.

ಒಬ್ಬ ವೈದ್ಯನಿದ್ದ. ಏಳು ತಲೆಮಾರಿನಿಂದ ಬಂದ ವೈದ್ಯ. ಅವನು ಕಾಡಿಗೆ ಕಾಲಿಟ್ಟರೆ ಗಿಡಗಳೇ ತಮ್ಮ ಹೆಸರು ಹೇಳುತ್ತವೆ ಎನ್ನುತ್ತಿದ್ದರು ಜನ. ಜನರ ಬಾಯಿಗೇನು, ಹೊಗಳುವಾಗಲೂ ಅಳತೆಯಿಲ್ಲ, ಬೈಯುವಾಗಲೂ ಅಳತೆಯಿಲ್ಲ. ಆದರೆ ಈ ಮಾತಿನಲ್ಲಿ ಅರ್ಧ ನಿಜವಿತ್ತು. ಅವನ ಕೈಯ ಮದ್ದು ಸುಳ್ಳಾದದ್ದು ಕಡಿಮೆ.

ಅವನಿಗೆ ಒಬ್ಬಳೇ ಮಗಳು, ಏಳು ವರ್ಷದವಳು. ಒಂದು ಮಾಘದಲ್ಲಿ ಅವಳಿಗೆ ನಿದ್ದೆಯ ಕಾಯಿಲೆ ಹತ್ತಿತು. ಜ್ವರವಿಲ್ಲ, ನೋವಿಲ್ಲ, ಬರೀ ನಿದ್ದೆ. ಮೊದಮೊದಲು ಹಗಲಿನಲ್ಲೂ ಸ್ವಲ್ಪ ಮಲಗುತ್ತಿದ್ದಳು. ಆಮೇಲೆ ಸ್ವಲ್ಪವೇ ಎದ್ದಿರತೊಡಗಿದಳು. ಉಣ್ಣುತ್ತಾ ಉಣ್ಣುತ್ತಾ, ತುತ್ತು ಬಾಯಲ್ಲಿರುವಾಗಲೇ ಕಣ್ಣು ಮುಚ್ಚುತ್ತಿದ್ದಳು. ಎಚ್ಚರವಾದಾಗಲೆಲ್ಲ ಅವಳು ಕೇಳುತ್ತಿದ್ದದ್ದು ಒಂದೇ ಮಾತು.

“ಅಪ್ಪಾ, ಇವತ್ತು ಯಾವ ವಾರ?”

ವೈದ್ಯ “ಸೋಮವಾರ” ಎನ್ನುತ್ತಿದ್ದ. ಅವಳು ಮೊದಲ ಸಲ ಕೇಳಿದ್ದು ಸೋಮವಾರ. ಎರಡು ದಿನ ಮಲಗಿ ಎದ್ದಾಗಲೂ ಸೋಮವಾರ ಎಂದ. ನಾಲ್ಕು ದಿನ ಮಲಗಿ ಎದ್ದಾಗಲೂ ಸೋಮವಾರ ಎಂದ. ಮಗು ಹೆದರಬಾರದೆಂದು ಹೀಗೆ ಹೇಳುತ್ತಿದ್ದೇನೆ ಎಂದು ಅವನು ನಂಬಿದ್ದ. ಮಗು ಹೆದರಿರಲಿಲ್ಲ. ಹೆದರಿದ್ದವನು ಅವನು.

ಒಂದು ದಿನ ಅವಳು ನಕ್ಕು “ಎಷ್ಟು ಉದ್ದ ಅಪ್ಪಾ ಈ ಸೋಮವಾರ” ಎಂದಳು. ಹಾಗೆಂದವಳು ಮತ್ತೆ ಮಲಗಿದಳು. ಆ ಸಲ ಐದು ದಿನ ಏಳಲಿಲ್ಲ. ಬಾಯಿಗೆ ಹಾಲು ಬಿಟ್ಟರೆ ನಿದ್ದೆಯಲ್ಲೇ ನುಂಗುತ್ತಿದ್ದಳು.

ವೈದ್ಯ ತನಗೆ ಗೊತ್ತಿದ್ದ ಮದ್ದನ್ನೆಲ್ಲ ಕೊಟ್ಟ. ಒಂದೂ ಹಿಡಿಯಲಿಲ್ಲ. ಕೊನೆಗೆ ಅಟ್ಟದ ಮೇಲಿದ್ದ ಓಲೆಗರಿಯ ಕಟ್ಟನ್ನು ಇಳಿಸಿ ಬಿಚ್ಚಿದ. ಅವನ ಮುತ್ತಜ್ಜನ ಅಜ್ಜ ಬರೆದಿಟ್ಟದ್ದು. ಅದರ ಒಂದು ಗರಿಯಲ್ಲಿ ಹೀಗಿತ್ತು: ಬಡಗಣ ಹಿಮದ ನಾಡಿನಲ್ಲಿ ಜಾಗರಿ ಎಂಬ ಹೂವುಂಟು. ಬೆಟ್ಟದಲ್ಲಿ ಮರಗಳೆಲ್ಲ ಮುಗಿದ ಮೇಲೆ, ಹಿಮ ಕರಗಿದ ನೀರು ಹರಿಯುವ ಹುಲ್ಲುಗಾವಲು ಅದರ ನೆಲೆ. ಗಿಡ ಗೇಣಿಗಿಂತ ಗಿಡ್ಡ. ಹೂ ಕಿರುಬೆರಳಿನ ಉಗುರಿನಷ್ಟು. ಎಸಳು ಐದು. ಕಾಂಡ ಮುರಿದು ನಾಲಗೆಗಿಟ್ಟರೆ ಕಹಿ. ಬಣ್ಣ ನೀಲಿ. ಮಲಗಿದವರನ್ನು ಅದು ಎಬ್ಬಿಸುತ್ತದೆ.

ಆ ಹೂವನ್ನು ಅವನೂ ನೋಡಿರಲಿಲ್ಲ, ಅವನ ತಂದೆಯೂ ನೋಡಿರಲಿಲ್ಲ. ಆದರೆ ತಂದೆ ಅವನಿಗೆ ಒಂದು ನೇಮ ಕಲಿಸಿದ್ದ. ಮದ್ದಿನ ಗಿಡ ಹುಡುಕುವಾಗ ಬಡಗಣಕ್ಕೆ ಮುಖ ಮಾಡು, ಮೂಡಣಕ್ಕೆ ಮಾಡು. ತೆಂಕಣಕ್ಕೆ ಮಾತ್ರ ಮಾಡಬೇಡ. ಅದು ಯಮನ ದಿಕ್ಕು. ಆ ಕಡೆ ತಿರುಗಿ ಹುಡುಕಿದರೆ, ಯಾರಿಗಾಗಿ ಹುಡುಕುತ್ತಿದ್ದೀಯೋ ಅವರ ಹೆಸರು ಅವನ ಕಿವಿಗೆ ಬೀಳುತ್ತದೆ.

ನಮ್ಮ ಸೀಮೆಯಲ್ಲಿ ಈ ನೇಮದಿಂದ ಯಾರಿಗೂ ನಷ್ಟವಾಗಿರಲಿಲ್ಲ. ನೆಲ್ಲಿಯನ್ನು ಯಾವ ಕಡೆಯಿಂದ ನೋಡಿದರೂ ನೆಲ್ಲಿಯೇ. ಏಳು ತಲೆಮಾರು ಈ ನೇಮ ಪಾಲಿಸಿತ್ತು, ಏಳು ತಲೆಮಾರಿಗೂ ಹೆಸರು ಬಂದಿತ್ತು. ಹೆಸರು ಬಂದದ್ದು ನೇಮದಿಂದಲೇ ಎಂದು ಅವರು ತಿಳಿದಿದ್ದರು. ನಗಬೇಡ ವೆಂಕೋಬ, ನಾವೂ ಅಷ್ಟೇ.

ವೈದ್ಯ ಹೊರಟ. ಬುತ್ತಿ ಕಟ್ಟಿಕೊಡುವಾಗ ಹೆಂಡತಿ ಹೇಳಿದಳು: “ಹೂ ಸಿಕ್ಕರೂ ಬನ್ನಿ, ಸಿಗದಿದ್ದರೂ ಬನ್ನಿ. ಬೇಗ ಬನ್ನಿ.”

“ಸಿಗದೆ ಬರುವುದಿಲ್ಲ” ಎಂದ ಅವನು.

ಅವಳು ಕೇಳಿದ್ದು ಅದಲ್ಲ. ಅವನಿಗೆ ಅದು ತಿಳಿಯಲಿಲ್ಲ. ಮದ್ದು ಹುಡುಕಲು ಹೋದ ಎಂಬುದು ನಿಜ. ಮಗುವಿನ ಹಾಸಿಗೆಯ ಪಕ್ಕ ಕೂರಲಾರದೆ ಹೋದ ಎಂಬುದೂ ನಿಜ. ಎರಡು ನಿಜಗಳು ಒಂದೇ ಬುತ್ತಿಯಲ್ಲಿದ್ದವು. ಅವನು ಒಂದನ್ನು ಮಾತ್ರ ಬಿಚ್ಚಿ ತಿನ್ನುತ್ತಾ ನಡೆದ.

ತಿಂಗಳುಗಟ್ಟಲೆ ನಡೆದ. ಯಾತ್ರಿಕರ ಜೊತೆ ನಡೆದ, ಅವರು ನಿಂತಾಗ ಒಬ್ಬನೇ ನಡೆದ. ಅವರ ಮಾತನ್ನು ಅಷ್ಟಿಷ್ಟು ಕಲಿತ. ಹೊಳೆಗಳ ಹೆಸರು ಬದಲಾಯಿತು. ಅನ್ನ ರೊಟ್ಟಿಯಾಯಿತು. ಮೊದಲು ನೆತ್ತಿಯ ಮೇಲಿದ್ದ ಸೂರ್ಯ, ಉತ್ತರಕ್ಕೆ ಹೋದ ಹಾಗೆಲ್ಲ ಅವನ ಬೆನ್ನಿಗೆ ಸರಿದ. ಬೆನ್ನಿಗೆ ಬಿಸಿಲು, ಮುಂದೆ ತನ್ನದೇ ನೆರಳು. ಕೆಲವು ದಿನ ಅವನಿಗೆ ತಾನು ನಡೆಯುತ್ತಿಲ್ಲ, ನೆರಳೇ ತನ್ನನ್ನು ಎಳೆದುಕೊಂಡು ಹೋಗುತ್ತಿದೆ ಎನಿಸುತ್ತಿತ್ತು. ನಡೆಯುತ್ತಲೇ ನಿದ್ದೆ ಬರುತ್ತಿತ್ತು. ನಿದ್ದೆಯಲ್ಲೂ ನಡೆಯುತ್ತಿದ್ದ. ಮಗಳು ನಿದ್ದೆಯಲ್ಲಿ ಹೋಗಿರುವ ಊರು ಇದೇ ಇರಬಹುದೇ, ಇಲ್ಲಿ ಎಲ್ಲಾದರೂ ಸಿಕ್ಕಾಳೇ ಎಂದು ಒಂದು ಸಲ ದಾರಿಯ ಎರಡೂ ಪಕ್ಕ ನೋಡಿದ್ದೂ ಉಂಟು.

ಭಾದ್ರಪದ ಅರ್ಧಕ್ಕೆ ಬರುವ ಹೊತ್ತಿಗೆ ಬೆಟ್ಟ ಸಿಕ್ಕಿತು. ದೇವದಾರು ಮುಗಿಯಿತು. ಭೂರ್ಜದ ಮರಗಳೂ ಮುಗಿದವು. ಆಮೇಲೆ ಹುಲ್ಲು. ಹುಲ್ಲಿನ ನಡುವೆ ಹಿಮ ಕರಗಿದ ನೀರು ಹರಿಯುತ್ತಿತ್ತು. ಓಲೆಗರಿಯಲ್ಲಿ ಹೇಳಿದ ನೆಲೆ ಅಕ್ಷರ ತಪ್ಪದೆ ಕಣ್ಣೆದುರಿಗೇ ಇತ್ತು. ವೈದ್ಯ ನೆಲಕ್ಕೆ ಹಣೆ ಮುಟ್ಟಿಸಿ ನಮಸ್ಕರಿಸಿದ.

ಆ ಹುಲ್ಲುಗಾವಲಿನ ಕೆಳತುದಿಯಲ್ಲಿ ಕುರಿಗಾಹಿಗಳ ಕಲ್ಲುಗೂಡು ಇತ್ತು. ಅಲ್ಲಿ ಅವನಿಗೆ ಮಲಗಲು ಜಾಗ ಕೊಟ್ಟರು. ಚಳಿಗೆ ಕಾಲು ಮರಗಟ್ಟದಿರಲಿ ಎಂದು ಒಂದು ಜೊತೆ ಹಳೆಯ ತೊಗಲಿನ ಜೋಡು ಕೊಟ್ಟು, ಒಳಗೆ ಒಣಹುಲ್ಲು ತುಂಬಿಕೊಳ್ಳುವುದನ್ನು ಕಲಿಸಿದರು.

ಪ್ರತಿದಿನ ಬೆಳಗ್ಗೆ ಅವನು ಗೂಡಿನಿಂದ ಹೊರಟು, ಬಿಸಿಲಿಗೆ ಬೆನ್ನು ಹಾಕಿ, ಬಡಗಣಕ್ಕೆ ಮುಖ ಮಾಡಿ ಹುಡುಕುತ್ತಾ ಹತ್ತುತ್ತಿದ್ದ. ಒಂದೊಂದು ಮಾರು ನೆಲವನ್ನೂ ಬಿಡದೆ ನೋಡುತ್ತಿದ್ದ. ಸೂರ್ಯ ಬೆಟ್ಟದ ಹಿಂದೆ ಇಳಿದ ಮೇಲೆ ಹುಡುಕುವುದನ್ನು ನಿಲ್ಲಿಸಿ, ಕಾಲ ಕೆಳಗಿನ ಕಲ್ಲು ಮಾತ್ರ ನೋಡಿಕೊಂಡು ಇಳಿಯುತ್ತಿದ್ದ. ಹುಡುಕದೆ ನಡೆದರೆ ನೇಮಕ್ಕೆ ಭಂಗವಿಲ್ಲವಲ್ಲ.

ಮೊದಲ ದಿನವೇ ಅವನಿಗೆ ಒಂದು ಪುಟ್ಟ ಹೂ ಕಂಡಿತ್ತು. ಗೇಣಿಗಿಂತ ಗಿಡ್ಡ. ಉಗುರಿನಷ್ಟು ಹೂ. ಎಸಳು ಎಣಿಸಿದ, ಐದು. ಕಾಂಡ ಮುರಿದು ನಾಲಗೆಗಿಟ್ಟ, ಕಹಿ. ಆದರೆ ಬಣ್ಣ? ಒಣಹುಲ್ಲಿನ ಬಣ್ಣ. ನೀಲಿಯ ಸೋಂಕೂ ಇಲ್ಲ. ತಿರುಗಿಸಿ ನೋಡಿದ, ಅಂಗೈ ಮೇಲಿಟ್ಟು ನೋಡಿದ. ಹುಲ್ಲಿನ ಬಣ್ಣವೇ.

ನಾಲ್ಕು ಗುರುತು ಕೂಡಿತು, ಐದನೆಯದು ಕೂಡಲಿಲ್ಲ. ಒಂದು ಗುರುತು ತಪ್ಪಿದರೂ ಅದು ಬೇರೆ ಗಿಡ. ಇಷ್ಟರಲ್ಲಿ ಅವನ ತಪ್ಪೇನೂ ಇಲ್ಲ. ಅಷ್ಟು ಕಟ್ಟುನಿಟ್ಟಿಲ್ಲದ ವೈದ್ಯ ಕೊಟ್ಟ ಕಷಾಯವನ್ನು ನಾನಂತೂ ಕುಡಿಯಲಾರೆ. ಅವನು ಆ ಹೂವನ್ನು ಎಸೆದ. ಮೇಲೆ ಹೋದ ಹಾಗೆ ಅದೇ ಹೂ ಎಲ್ಲೆಲ್ಲೂ ಇತ್ತು. ಸಾಯಂಕಾಲ ಒಣಹುಲ್ಲಿನ ಜೊತೆ ಅದನ್ನೂ ಒಂದು ಹಿಡಿ ಕಿತ್ತು ಜೋಡಿನೊಳಗೆ ತುಂಬಿಕೊಂಡ. ಮೆತ್ತಗಿತ್ತು.

ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರಂತೆ ಎನ್ನುತ್ತಾರಲ್ಲ, ಇವನು ಅಂಗಾಲಿನಲ್ಲಿ ಇಟ್ಟುಕೊಂಡು ಅಲೆದ.

ದಿನಗಳು ಒಂದರೊಳಗೊಂದು ಬೆರೆತವು. ಮಂಜು ಬರುತ್ತಿತ್ತು, ಹುಲ್ಲುಗಾವಲನ್ನೇ ಎತ್ತಿಕೊಂಡು ಹೋದಂತೆ ಮಾಡುತ್ತಿತ್ತು, ಮತ್ತೆ ತಂದು ಇಡುತ್ತಿತ್ತು. ಗಾಳಿ ತೆಳುವಾಗಿತ್ತು. ಮಧ್ಯಾಹ್ನದ ಹೊತ್ತು ಅವನಿಗೆ ನಿಂತಲ್ಲೇ ಜೋಂಪು ಹತ್ತುತ್ತಿತ್ತು. ಆಗ ಬೆನ್ನ ಹಿಂದಿನಿಂದ ಒಂದು ದನಿ ಕೇಳುತ್ತಿತ್ತು. “ಅಪ್ಪಾ, ಇವತ್ತು ಯಾವ ವಾರ?” ತಿರುಗಬೇಕೆನಿಸುತ್ತಿತ್ತು. ತಿರುಗಿದರೆ ತೆಂಕಣ. ಅವನು ತಿರುಗದೆ, ಮುಂದೆ ನೋಡಿಕೊಂಡೇ “ಸೋಮವಾರ” ಎನ್ನುತ್ತಿದ್ದ. ಹತ್ತಿರದಲ್ಲಿದ್ದ ಕುರಿಗಳು ತಲೆಯೆತ್ತಿ ನೋಡುತ್ತಿದ್ದವು.

ಹುಲ್ಲುಗಾವಲಿನ ಮೇಲ್ತುದಿಯಲ್ಲಿ ಒಬ್ಬಳು ಮುದುಕಿ ಕುರಿ ಕಾಯುತ್ತಿದ್ದಳು. ದಿನವಿಡೀ ಬಿಸಿಲಿಗೆ ಮುಖ ಮಾಡಿ ಕುಳಿತು ಉಣ್ಣೆ ನೂಲುತ್ತಿದ್ದಳು. ವೈದ್ಯ ಕೆಳಗಿನಿಂದ ಹುಡುಕುತ್ತಾ ಬರುವುದನ್ನು ಅವಳು ದಿನಾ ನೋಡುತ್ತಿದ್ದಳು. ಹದಿನಾಲ್ಕನೆಯ ದಿನ ಅವಳಿಗೆ ತಡೆಯಲಾಗಲಿಲ್ಲ.

“ಏನು ಕಳೆದುಕೊಂಡಿದ್ದೀಯ ಮಗನೇ?”

“ಕಳೆದುಕೊಂಡಿಲ್ಲ ತಾಯಿ, ಹುಡುಕುತ್ತಿದ್ದೇನೆ. ಇಷ್ಟೇ ಇಷ್ಟು ಹೂ, ಐದು ಎಸಳು, ನೀಲಿ ಬಣ್ಣ.”

ಮುದುಕಿ ಕದಿರು ಹಿಡಿದ ಕೈಯಿಂದಲೇ ಹುಲ್ಲುಗಾವಲನ್ನೆಲ್ಲ ತೋರಿಸಿದಳು. “ಇಷ್ಟಗಲ ಇದೆಯಲ್ಲ. ನೀನು ಅದರ ಮೇಲೇ ನಡೆದುಕೊಂಡು ಬಂದೆ.”

ವೈದ್ಯ ಕಾಲ ಬಳಿಯ ಹೂವನ್ನು ನೋಡಿದ. “ಇದು ಹುಲ್ಲಿನ ಬಣ್ಣ ತಾಯಿ.”

“ನೀನು ನಿಂತ ಕಡೆಯಿಂದ ಹಾಗೆ. ಇಲ್ಲಿ ಬಂದು ನನ್ನ ಪಕ್ಕ ಕೂತು ನೋಡು.”

ಅವಳ ಪಕ್ಕ ಕೂರುವುದೆಂದರೆ ತೆಂಕಣಕ್ಕೆ ತಿರುಗುವುದು. ವೈದ್ಯ ಅಲ್ಲೇ ನಿಂತ. ಆ ಕಡೆ ಮುಖ ಮಾಡಲಾರೆ, ಅದು ಸಾವಿನ ದಿಕ್ಕು, ಮನೆಯಲ್ಲಿ ಮಗಳು ಮಲಗಿದ್ದಾಳೆ ಎಂದು ಹೇಳಿದ. ಮುದುಕಿ ಸ್ವಲ್ಪ ಹೊತ್ತು ನೂಲು ಎಳೆದಳು. ಆಮೇಲೆ ಕೇಳಿದಳು:

“ಮಗಳು ಮಲಗಿರುವುದು ಯಾವ ದಿಕ್ಕಿನಲ್ಲಿ?”

ವೈದ್ಯನಿಗೆ ಸಿಟ್ಟು ಬಂತು. ಓದುಬರಹ ಕಾಣದ ಮುದುಕಿ, ಕಣ್ಣೂ ಮಂಜಾಗಿರಬೇಕು, ಇವಳಿಗೇನು ಗೊತ್ತು ಎಂದುಕೊಂಡ. ಅವಳನ್ನು ದಾಟಿ ಮೇಲಕ್ಕೆ ಹೋದ. ಮೇಲೆ ಕಲ್ಲು ಬಿಟ್ಟು ಬೇರೇನೂ ಇರಲಿಲ್ಲ. ಅವನು ಸಂಜೆಯವರೆಗೂ ಕಲ್ಲುಗಳ ನಡುವೆ ಹುಡುಕಿದ. ಸಿಟ್ಟು ಬಂದವನಿಗೆ ದಾರಿ ಕೇಳುವುದಕ್ಕಿಂತ ದಾರಿ ತಪ್ಪುವುದೇ ಸುಲಭ.

ಮರುದಿನ ಅವನು ಅವಳ ಕಣ್ಣಿಗೆ ಬೀಳದಂತೆ ಬೇರೆ ಕಡೆಯಿಂದ ಹತ್ತಿದ. ಅದರ ಮರುದಿನವೂ ಹಾಗೆಯೇ. ಆದರೆ ಅವಳ ಮಾತು ಜೋಡಿನೊಳಗೆ ಸೇರಿದ ಮುಳ್ಳಿನಂತೆ ಅವನ ಜೊತೆಗೇ ನಡೆಯುತ್ತಿತ್ತು.

ಹದಿನೇಳನೆಯ ದಿನ ಮಹಾಲಯ ಅಮಾವಾಸ್ಯೆ. ಆ ದಿನ ಬೆಳಗ್ಗೆ ಕುರಿಗಾಹಿಗಳು ಗಂಟುಮೂಟೆ ಕಟ್ಟತೊಡಗಿದರು. ಇನ್ನೆರಡು ದಿನದಲ್ಲಿ ಹಿಮ ಬೀಳುತ್ತದೆ, ನಾಳೆ ಇಳಿದುಬಿಡಬೇಕು ಎಂದರು. ವೈದ್ಯನ ಹತ್ತಿರ ಇನ್ನು ಉಳಿದದ್ದು ಆ ಒಂದು ಹಗಲು.

ಅವನಿಗೆ ಅಂದು ಎರಡು ಕೆಲಸವಿತ್ತು. ಒಂದು ಹೂ ಹುಡುಕುವುದು. ಇನ್ನೊಂದು ಹಿರಿಯರಿಗೆ ಎಳ್ಳುನೀರು ಬಿಡುವುದು. ಮನೆಯಿಂದ ಹೊರಡುವಾಗಲೇ ಅದಕ್ಕೆಂದು ಒಂದು ಚಿಟಿಕೆ ಕರಿಎಳ್ಳನ್ನು ಬಟ್ಟೆಯ ತುದಿಗೆ ಕಟ್ಟಿಕೊಂಡಿದ್ದ. ಎಳ್ಳುನೀರು ಬಿಡುವುದು ಮಧ್ಯಾಹ್ನ. ಬಿಡುವುದು ತೆಂಕಣಕ್ಕೆ ಮುಖ ಮಾಡಿ.

ಈ ವರ್ಷ ಬೇಡ ಎಂದಿತು ಮನಸ್ಸು. ಪರದೇಶ, ಚಳಿ, ಹೊತ್ತಿಲ್ಲ, ಹಿರಿಯರು ಕ್ಷಮಿಸುತ್ತಾರೆ. ನೆಪಕ್ಕೇನು ಬಡತನವೇ. ಆದರೆ ನಿಜವಾದ ಕಾರಣ ಒಂದೇ. ಸಾವಿನ ದಿಕ್ಕಿಗೆ ತಿರುಗಿ ಕುಳಿತು, ತಂದೆ, ಅಜ್ಜ, ಮುತ್ತಜ್ಜ ಎಂದು ಮೂರು ಹೆಸರು ಹೇಳಿದ ಮೇಲೆ ಬಾಯಿ ನಿಲ್ಲದಿದ್ದರೆ? ನಾಲ್ಕನೆಯ ಹೆಸರು ತಾನಾಗಿಯೇ ಬಂದುಬಿಟ್ಟರೆ? ಅವನು ಮನೆ ಬಿಟ್ಟು ಏಳು ತಿಂಗಳಾಗಿತ್ತು. ಈ ಏಳು ತಿಂಗಳಲ್ಲಿ ಒಂದು ದಿನವೂ ಅವನು ಆ ಮಾತನ್ನು ಪೂರ್ತಿಯಾಗಿ ಯೋಚಿಸಿರಲಿಲ್ಲ. ಅರ್ಧ ಬಂದೊಡನೆ ಎದ್ದು ನಡೆದುಬಿಡುತ್ತಿದ್ದ. ಹಾಗೆ ನಡೆದು ನಡೆದೇ ಹಿಮದವರೆಗೆ ಬಂದಿದ್ದ.

ಮಧ್ಯಾಹ್ನ ಕಳೆಯುತ್ತಾ ಬಂತು. ಮುದುಕಿ ಕೇಳಿದ ಪ್ರಶ್ನೆ ಮತ್ತೆ ನೆನಪಾಯಿತು. ಮಗಳು ಮಲಗಿರುವುದು ಯಾವ ದಿಕ್ಕಿನಲ್ಲಿ? ಅವನ ಕಾಲು ಸೋತಿತ್ತು. ಎದುರಿಗೆ ಹತ್ತಲು ಬೆಟ್ಟವೂ ಉಳಿದಿರಲಿಲ್ಲ. ನೀರಿನ ಹರಿವಿನ ಬಳಿ ಹೋದ. ಕಣ್ಣು ಮುಚ್ಚಿಕೊಂಡ. ಕಣ್ಣು ಮುಚ್ಚಿಕೊಂಡೇ ತಿರುಗಿ, ಕುಳಿತ. ಏಳು ತಿಂಗಳಲ್ಲಿ ಮೊದಲ ಸಲ ಬಿಸಿಲು ಅವನ ಮುಖಕ್ಕೆ ಬಿತ್ತು.

ಎಳ್ಳು ಬಿಚ್ಚಿದ. ಬೊಗಸೆಯಲ್ಲಿ ನೀರು ತೆಗೆದುಕೊಂಡು ತಂದೆಯ ಹೆಸರು ಹೇಳಿ ಬಿಟ್ಟ. ಅಜ್ಜನ ಹೆಸರು ಹೇಳಿ ಬಿಟ್ಟ. ಮುತ್ತಜ್ಜನ ಹೆಸರು ಹೇಳಿ ಬಿಟ್ಟ. ಕೈ ತಾನಾಗಿಯೇ ನಾಲ್ಕನೆಯ ಬೊಗಸೆ ತುಂಬಿತು.

ಅದಕ್ಕೆ ಎಳ್ಳು ಹಾಕಲು ಅವನಿಗೆ ಆಗಲಿಲ್ಲ. ಚೆಲ್ಲಲೂ ಆಗಲಿಲ್ಲ. ಬೊಗಸೆ ಹಿಡಿದುಕೊಂಡೇ ಕುಳಿತ. ಆ ನೀರು ಬಹಳ ತಣ್ಣಗಿತ್ತು. ಆಗ ಮತ್ತೆ ಆ ದನಿ ಕೇಳಿತು. ಈ ಸಲ ಹಿಂದಿನಿಂದಲ್ಲ, ಎದುರಿನಿಂದ.

“ಅಪ್ಪಾ, ಇವತ್ತು ಯಾವ ವಾರ?”

“ಶನಿವಾರ, ಮಗಳೇ” ಎಂದ ವೈದ್ಯ. “ನೀನು ಮಲಗಿ ತುಂಬಾ ದಿನವಾಯಿತು. ನಾನು ಸುಳ್ಳು ಹೇಳುತ್ತಿದ್ದೆ. ನೀನು ಇದ್ದೀಯೋ ಇಲ್ಲವೋ ನನಗೆ ಗೊತ್ತಿಲ್ಲ.”

ಅಷ್ಟು ಹೇಳಿ ಅವನು ಅತ್ತ. ದೊಡ್ಡ ವೈದ್ಯ, ಏಳು ತಲೆಮಾರಿನ ಹೆಸರು, ಕುರಿಗಳ ಮುಂದೆ ಕುಳಿತು ಮಗುವಿನ ಹಾಗೆ ಅತ್ತ. ನಾಲ್ಕನೆಯ ಬೊಗಸೆಯ ನೀರನ್ನು ಯಾರ ಹೆಸರಿಗೂ ಬಿಡದೆ ತನ್ನ ಮುಖಕ್ಕೇ ಹಾಕಿಕೊಂಡ. ಕಣ್ಣು ತೊಳೆದುಕೊಂಡು, ತೆರೆದ.

ಎದುರಿನ ದಂಡೆ ನೀಲಿಯಾಗಿತ್ತು.

ಕಣ್ಣೀರಿನ ಮಂಜು ಎಂದುಕೊಂಡು ಒರೆಸಿ ಮತ್ತೆ ನೋಡಿದ. ನೀಲಿಯೇ. ದಂಡೆಯಿಂದ ಆಚೆಗೆ, ಇಳಿಜಾರು ಮುಗಿಯುವವರೆಗೂ, ಹುಲ್ಲಿನ ನಡುವೆಲ್ಲ ಸಣ್ಣ ಸಣ್ಣ ನೀಲಿ ದೀಪಗಳಿದ್ದಂತೆ ಇತ್ತು. ಇಳಿಬಿಸಿಲು ಆ ತೆಳು ಎಸಳುಗಳ ಹಿಂದಿನಿಂದ ಹಾದು ಬರುತ್ತಿತ್ತು. ಬಿಸಿಲು ತಮ್ಮ ಮೇಲೆ ಬಿದ್ದಾಗ ಹುಲ್ಲಿನ ಬಣ್ಣವಾಗಿದ್ದ ಹೂಗಳು, ಬಿಸಿಲು ತಮ್ಮ ಮೂಲಕ ಹಾದಾಗ ನೀಲಿಯಾಗಿದ್ದವು. ಗರಿಯಲ್ಲಿ ಬರೆದದ್ದು ನಿಜವಾಗಿತ್ತು. ಬರೆದವನು ಯಾವ ಕಡೆ ಮುಖ ಮಾಡಿ ಕುಳಿತಿದ್ದನೆಂಬುದನ್ನು ಮಾತ್ರ ಬರೆದಿರಲಿಲ್ಲ. ಅವನೂ ಯಾರನ್ನೋ ಮನೆಯಲ್ಲಿ ಮಲಗಿಸಿ ಬಂದಿರಬೇಕು.

ವೈದ್ಯ ಜೋಡು ಬಿಚ್ಚಿ ಒಳಗಿನ ಹುಲ್ಲನ್ನು ತೆಗೆದ. ತುಳಿದು ತುಳಿದು ನುಗ್ಗಾದ ಒಂದು ಎಸಳನ್ನು ಬಿಸಿಲಿಗೆ ಹಿಡಿದ. ಅದೂ ನೀಲಿ. ಅವನಿಗೆ ನಗು ಬಂತು, ಅಳುವೂ ನಿಂತಿರಲಿಲ್ಲ. ಮೇಲ್ತುದಿಯಲ್ಲಿ ಮುದುಕಿ ಕುಳಿತೇ ಇದ್ದಳು. ಅವನು ಅಲ್ಲಿಂದಲೇ ಕೈ ಮುಗಿದ. ಅವಳು ಕದಿರು ಎತ್ತಿ ತೋರಿಸಿ ಮತ್ತೆ ನೂಲತೊಡಗಿದಳು. ಅವಳಿಗೆ ಅದರಲ್ಲಿ ಹೊಸದೇನಿತ್ತು?

ಆ ಮಧ್ಯಾಹ್ನ ಅವನು ತೆಂಕಣಕ್ಕೆ ಮುಖ ಮಾಡಿಕೊಂಡೇ ಹೂ ಕಿತ್ತ. ಅವನ ವಂಶದಲ್ಲಿ, ಗರಿ ಬರೆದ ಆ ಹಿರಿಯನನ್ನು ಬಿಟ್ಟರೆ, ಯಾರೂ ಹಾಗೆ ಕಿತ್ತಿರಲಿಲ್ಲ. ಹೆದರಬೇಕಾದದ್ದನ್ನೆಲ್ಲ ಅವನು ಆಗಲೇ ಹೆದರಿ ಮುಗಿಸಿದ್ದ. ಒಂದು ಕಷಾಯಕ್ಕೆ ಬೇಕಾಗುವಷ್ಟು ಕಿತ್ತು, ಉಳಿದದ್ದನ್ನು ಬಿಟ್ಟ.

ಮರುದಿನ ಕುರಿಗಳ ಜೊತೆ ಇಳಿದ. ಈಗ ದಾರಿಯುದ್ದಕ್ಕೂ ಬಿಸಿಲು ಅವನ ಮುಖದ ಮೇಲೆ, ನೆರಳು ಬೆನ್ನ ಹಿಂದೆ. ಹೋಗುವಾಗ ಕಾಣದೆ ದಾಟಿದ್ದ ಊರುಗಳು ಈಗ ಕಂಡವು. ಎಷ್ಟೋ ಮನೆಗಳ ಜಗಲಿಯ ಮೇಲೆ ಕಾಯಿಲೆಯವರು ಮಲಗಿದ್ದರು, ಎಷ್ಟೋ ಮಕ್ಕಳು ಬೀದಿಯಲ್ಲಿ ಓಡುತ್ತಿದ್ದವು. ಅವನು ಎರಡನ್ನೂ ನೋಡಿಕೊಂಡು ಬಂದ. ಯಾರದಾದರೂ ನಾಡಿ ಹಿಡಿಯಬೇಕಾದರೆ ಹಿಡಿದ. ಪ್ರತಿ ದಿನ ಬೆಳಗ್ಗೆ ಎದ್ದೊಡನೆ ಅಂದಿನ ವಾರದ ಹೆಸರನ್ನು ಗಟ್ಟಿಯಾಗಿ ಹೇಳುತ್ತಿದ್ದ. ಬೇಗ ಬೇಗ ನಡೆದ. ಹೂ ಸಿಕ್ಕಿತೆಂದು ಬೇಗ ನಡೆದನೋ, ಹೆಂಡತಿ ಬೇಗ ಬನ್ನಿ ಎಂದದ್ದು ಈಗ ಕೇಳಿಸಿತೋ, ನಾನು ಹೇಳಲಾರೆ.

ಮಾಘ ಮತ್ತೆ ಬರುವ ಹೊತ್ತಿಗೆ ಊರಿನ ಅಂಚು ಕಂಡಿತು. ಮನೆಯ ಕದ ತೆರೆದೇ ಇತ್ತು. ಹೆಂಡತಿ ಹೊಸ್ತಿಲಲ್ಲಿ ನಿಂತಿದ್ದಳು. ದೂರದಿಂದಲೇ ಅವನನ್ನು ಕಂಡಳು. ಅವಳ ಮುಖದಲ್ಲಿ ಏನಿದೆ ಎಂದು ಅವನಿಗೆ ಅಲ್ಲಿಂದ ಕಾಣುತ್ತಿರಲಿಲ್ಲ. ಅವನು ನಿಲ್ಲಲಿಲ್ಲ. ತಲೆ ತಗ್ಗಿಸಲಿಲ್ಲ. ಅವಳ ಮುಖವನ್ನೇ ನೋಡುತ್ತಾ ನಡೆದು ಹೊಸ್ತಿಲಿಗೆ ಬಂದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಪಕ್ಕಕ್ಕಿಟ್ಟಿದ್ದ ಮುತ್ತುಗದ ಎಲೆಯನ್ನು ತೆಗೆದುಕೊಂಡು ಕಡ್ಡಿ ಚುಚ್ಚಿದರು. ಇನ್ನೊಂದು ಎಲೆ ತೆಗೆದುಕೊಂಡರು.

ವೆಂಕೋಬ ಕಾದ. ಹೊಳೆಯಲ್ಲಿ ಯಾರೋ ಬಟ್ಟೆ ಒಗೆಯುವ ಸದ್ದು ಕೇಳುತ್ತಿತ್ತು. ಒಂದು ಪತ್ರಾವಳಿ ಮುಗಿಯಿತು. ಅವನಿಗೆ ತಡೆಯಲಾಗಲಿಲ್ಲ. ತಾನು ಮೊದಲು ಕೇಳಿದ ಪ್ರಶ್ನೆ ಏನೆಂಬುದೇ ಅವನಿಗೆ ಮರೆತುಹೋಗಿತ್ತು.

“ಆಮೇಲೆ ಏನಾಯಿತು ಗುರುಗಳೇ? ಮಗು ಇತ್ತೇ? ಎದ್ದಿತೇ?”

ಗುರುಗಳು ಕೈಯಲ್ಲಿದ್ದ ಎಲೆಯನ್ನು ಬೆಳಕಿಗೆ ಹಿಡಿದು ನೋಡುತ್ತಲೇ ಹೇಳಿದರು:

“ಮೂರು ದಿನದಿಂದ ಹೊತ್ತುಕೊಂಡು ತಿರುಗುತ್ತಿದ್ದೀಯಲ್ಲ, ಆ ಕಾಗದ ಒಡೆದು ಓದಿ ಬಾ, ಆಮೇಲೆ ಹೇಳುತ್ತೇನೆ.”